ಹೆಸರಿಡದ ಜ್ವರ

ಹೈದರಾಬಾದಿನ ಪಶ್ಚಿಮದಂಚಿನಲ್ಲಿ, ಒಂದು ಕಾಲಕ್ಕೆ ಹೆಬ್ಬಂಡೆಗಳೂ ಕುರುಚಲು ಪೊದೆಗಳೂ ಅಲ್ಲಲ್ಲಿ ಕೆರೆಗಳೂ ಇದ್ದ ಹಳ್ಳಿಯಾಗಿದ್ದು, ಈಗ ಗಾಜಿನ ಗೋಡೆಗಳ ಕಚೇರಿಗಳಿಂದಲೂ ಬಹುಮಹಡಿಯ ವಸತಿಗಳಿಂದಲೂ ಕಿಕ್ಕಿರಿದಿರುವ ಕೊಂಡಾಪುರದಲ್ಲಿ, ಕಳೆದ ಮಳೆಗಾಲದ ಒಂದು ಸಂಜೆ ನನ್ನ ಸೋದರತ್ತೆಯನ್ನು ಕರೆದುಕೊಂಡು ಒಬ್ಬ ವೈದ್ಯರಲ್ಲಿಗೆ ಹೋಗಿದ್ದೆ. ವೈದ್ಯರು ಕಲಬುರಗಿಯ ಕಡೆಯವರು, ವಯಸ್ಸಾದವರು. ನಾಲಗೆಯನ್ನು ನೋಡಿದರು, ಕಣ್ಣಿನ ರೆಪ್ಪೆಯನ್ನು ಕೆಳಗೆಳೆದು ನೋಡಿದರು, ಎಡಪಕ್ಕೆಯ ಕೆಳಗೆ ಬೆರಳೂರಿ ಗುಲ್ಮವೇನಾದರೂ ಬೆಳೆದಿದೆಯೆ ಎಂದು ಬಹಳ ಹೊತ್ತು ಒತ್ತಿ ನೋಡಿದರು. ಊರಿಗೆ ಹೋಗಿದ್ದಿರಾ, ಕುಡಿಯುವ ನೀರು ಯಾವುದು, ಚಳಿ ಮೊದಲು ಬಂದಿತೆ ಜ್ವರ ಮೊದಲು ಬಂದಿತೆ ಎಂದು ಕೇಳಿದರು. ಕೊನೆಗೆ ಚೀಟಿಯ ಮೇಲೆ ಜ್ವರ, ಐದನೆಯ ದಿನ ಎಂದು ಬರೆದು ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿದರು.

"ಏನು ಕಾಯಿಲೆ ಅಂತ ಹೇಳಲೇ ಇಲ್ಲವಲ್ಲ ಡಾಕ್ಟ್ರೇ," ಎಂದರು ಅತ್ತೆ.

"ಜ್ವರ ತನ್ನ ಹೆಸರು ಇನ್ನೂ ಹೇಳವಲ್ದು, ಅಮ್ಮಾರ. ರಕ್ತ ಕೊಡ್ರಿ, ಗುಳಿಗಿ ತಗೋರಿ, ಎರಡ ದಿನ ಬಿಟ್ಟು ಬರ್ರಿ. ನಡುವ ಹೊಟ್ಟಿ ನೋವು ಬಂತು, ವಾಂತಿ ನಿಲ್ಲವಲ್ದು, ಇಲ್ಲಾ ಎಲ್ಲ್ಯಾರ ರಕ್ತ ಕಂಡ್ತು ಅಂದ್ರ, ರಾತ್ರಿಯಾದ್ರೂ ಸೈ, ತಡಾ ಮಾಡಬ್ಯಾಡ್ರಿ."

ಮನೆಗೆ ಬರುವ ದಾರಿಯುದ್ದಕ್ಕೂ ಅತ್ತೆಗೆ ಸಮಾಧಾನವಿಲ್ಲ. ಅವರ ಬಾಲ್ಯದಲ್ಲಿ ಊರಿನ ಪಂಡಿತರು ಕೈಯ ನಾಡಿಯ ಮೇಲೆ ಮೂರು ಬೆರಳನ್ನಿಟ್ಟು, ರೋಗಿ ಬಾಯಿ ತೆರೆಯುವ ಮುನ್ನವೇ ರೋಗದ ಹೆಸರನ್ನು ಹೇಳುತ್ತಿದ್ದರಂತೆ. ಇವರು ಇಷ್ಟೆಲ್ಲ ಕೇಳಿಯೂ ಹೇಳಲಿಲ್ಲ. ನನಗೆ ಮಾತ್ರ ಆ ಚಿಕ್ಕ ಕೊಕ್ಕೆಯಾಕಾರದ ಚಿಹ್ನೆಯ ಮೇಲೆ ಅಂದಿನಿಂದ ಒಂದು ಬಗೆಯ ಗೌರವವೇ ಹುಟ್ಟಿತು. ತಿಳಿಯದೆಂಬುದನ್ನು ಕಾಗದದ ಮೇಲೆ ಬರೆದು, ಅದರ ಕೆಳಗೆ ತನ್ನ ಹೆಸರಿನ ರುಜುವನ್ನು ಹಾಕಿಕೊಡುವ ವೃತ್ತಿಗಳು ಲೋಕದಲ್ಲಿ ಎಷ್ಟಿವೆ? ಈ ಪದ್ಧತಿಗೆ ಒಂದು ಇತಿಹಾಸವುಂಟು. ಅದರ ಕೆಲವು ಮುಖ್ಯ ಪ್ರಕರಣಗಳು ಕೊಂಡಾಪುರದಿಂದ ಕೆಲವೇ ಹರಿದಾರಿಗಳೊಳಗೆ ನಡೆದುವು.

ನಾಡಿ ಹಿಡಿದೊಡನೆಯೇ ಹೆಸರು ಹೇಳಬೇಕೆಂಬ ನಿರೀಕ್ಷೆ ಜನರದು, ಶಾಸ್ತ್ರದ್ದಲ್ಲ. ನಾಡೀಪರೀಕ್ಷೆಯು ಚರಕ ಸುಶ್ರುತರಲ್ಲಿ ವಿಸ್ತಾರವಾಗಿ ಕಾಣಬರುವುದಿಲ್ಲ. ಶಾರ್ಙ್ಗಧರನ ಕಾಲದ ಹೊತ್ತಿಗೆ ಅದು ಗ್ರಂಥಸ್ಥವಾಗಿ, ಅನಂತರ ತೆಲುಗು ಕನ್ನಡ ನಾಡುಗಳಲ್ಲಿ ಬಹುವಾಗಿ ಬಳಕೆಯಲ್ಲಿದ್ದ ಬಸವರಾಜೀಯದಂತಹ ಸಂಗ್ರಹಗಳಲ್ಲಿ ಅಗ್ರಸ್ಥಾನವನ್ನು ಪಡೆಯಿತು. ಅದಕ್ಕಿಂತ ಎಷ್ಟೋ ಹಿಂದೆಯೇ ಚರಕಸಂಹಿತೆಯು ಸೂತ್ರಸ್ಥಾನದ ಹದಿನೆಂಟನೆಯ ಅಧ್ಯಾಯದಲ್ಲಿ ಒಂದು ಮಾತನ್ನು ಹೇಳಿಟ್ಟಿದೆ. ರೋಗಕ್ಕೆ ಹೆಸರನ್ನು ಹೇಳಲಾರದ ವೈದ್ಯನು ಅದಕ್ಕಾಗಿ ನಾಚಬೇಕಾದುದಿಲ್ಲ, ಏಕೆಂದರೆ ಎಲ್ಲ ವಿಕಾರಗಳಿಗೂ ಹೆಸರು ಸ್ಥಿರವಾಗಿ ಏರ್ಪಟ್ಟಿಲ್ಲ ಎಂಬುದು ಅದರ ಭಾವ. ಕುಪಿತವಾದ ಅದೇ ದೋಷವು ಹೇತುಭೇದದಿಂದಲೂ ಸ್ಥಾನಭೇದದಿಂದಲೂ ನಾನಾ ವ್ಯಾಧಿಗಳಾಗಿ ತೋರುತ್ತದೆ. ಆದುದರಿಂದ ವಿಕಾರದ ಸ್ವಭಾವವನ್ನೂ ಅದು ನೆಲೆಸಿದ ಎಡೆಯನ್ನೂ ಅದು ಹುಟ್ಟಿದ ಕಾರಣವನ್ನೂ ತಿಳಿದುಕೊಂಡು ಚಿಕಿತ್ಸೆಗೆ ತೊಡಗತಕ್ಕದ್ದೆಂದು ಮುಂದಿನ ಮಾತು. ಶತಮಾನಗಳ ಅನಂತರ ವಾಗ್ಭಟನು ಅಷ್ಟಾಂಗಹೃದಯದಲ್ಲಿ ಈ ಮಾತನ್ನು ಉಳಿಸಿಕೊಂಡನೆಂಬುದರಿಂದಲೇ ವೈದ್ಯಪರಂಪರೆಗೆ ಇದು ಎಷ್ಟು ಬೇಕಾಗಿದ್ದಿತೆಂಬುದನ್ನು ಊಹಿಸಬಹುದು. ನಾಚಬೇಡ ಎಂದು ಶಾಸ್ತ್ರವು ಹೇಳಬೇಕಾಗಿ ಬಂದದ್ದು, ವೈದ್ಯರು ನಾಚುತ್ತಿದ್ದರೆಂಬುದಕ್ಕೆ ಸಾಕ್ಷಿಯಲ್ಲವೆ? ರೋಗಿಯ ಮನೆಯವರ ಕಣ್ಣುಗಳು ಮುಖವನ್ನೇ ನೋಡುತ್ತಿರುವಾಗ ತಿಳಿಯದೆನ್ನುವುದು ಆಗಲೂ ಸುಲಭವಾಗಿರಲಿಲ್ಲ.

ಆ ವೈದ್ಯಕದ ಮತ್ತೊಂದು ವಿವೇಕವನ್ನೂ ಇಲ್ಲಿ ನೆನೆಯಬೇಕು. ರೋಗಜ್ಞಾನಕ್ಕೆ ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂದು ಐದು ದಾರಿಗಳು. ಇವುಗಳಲ್ಲಿ ಉಪಶಯವೆಂಬುದು ವಿಶೇಷವಾದುದು: ಲಕ್ಷಣಗಳು ಮರೆಯಾಗಿ ಎರಡು ರೋಗಗಳಲ್ಲಿ ಯಾವುದೆಂದು ತೀರ್ಮಾನವಾಗದಿರುವಾಗ, ಒಂದು ಔಷಧವನ್ನೋ ಆಹಾರವನ್ನೋ ವಿಹಾರವನ್ನೋ ವಿಧಿಸಿ, ಅದರಿಂದ ಹಿತವಾಯಿತೆ ಅಹಿತವಾಯಿತೆ ಎಂಬುದನ್ನು ಕಂಡು ರೋಗವನ್ನು ಗುರುತಿಸುವುದು. ಮೊದಲು ಹೆಸರು ಆಮೇಲೆ ಮದ್ದು ಎಂಬ ಕ್ರಮವು ಇಲ್ಲಿ ತಲೆಕೆಳಗಾಗಿ, ಮದ್ದೇ ಪ್ರಶ್ನೆಯಾಗುತ್ತದೆ, ದೇಹವೇ ಉತ್ತರವಾಗುತ್ತದೆ. ನಿದಾನಕ್ಕೂ ನಿಧಾನಕ್ಕೂ ನಡುವೆ ಒಂದು ಮಹಾಪ್ರಾಣದ ಅಂತರವಷ್ಟೆ ಇದ್ದು, ಮಾತಿನಲ್ಲಿ ಆ ಅಂತರವೂ ಅಳಿದುಹೋಗುವುದು ನಮ್ಮ ಭಾಷೆಯಲ್ಲಿ ಆಕಸ್ಮಿಕವಾಗಿ ಒದಗಿದ ಭಾಗ್ಯವೆಂದು ನನಗೆ ತೋರುತ್ತದೆ.

ಹೈದರಾಬಾದು ಮೊದಲಿನಿಂದಲೂ ಯುನಾನಿ ಹಕೀಮರ ಊರು. ನಬ್ಜ್ ಎಂದರೆ ನಾಡಿಯನ್ನು ಹಿಡಿದು, ಸೀಸೆಯಲ್ಲಿ ಮೂತ್ರದ ಬಣ್ಣವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ ಆ ಹಕೀಮರ ಊರಿನಲ್ಲಿ 1846ರಲ್ಲಿ ಬ್ರಿಟಿಷ್ ರೆಸಿಡೆನ್ಸಿಯ ಶಸ್ತ್ರವೈದ್ಯನಾದ ಮ್ಯಾಕ್ಲೀನನ ನೇತೃತ್ವದಲ್ಲಿ ಪಾಶ್ಚಾತ್ಯ ವೈದ್ಯಕದ ಶಾಲೆಯೊಂದು ಪ್ರಾರಂಭವಾಗಿ, ಉರ್ದುವಿನಲ್ಲಿಯೇ ಪಾಠವಾಗುತ್ತಿದ್ದಿತು. ಅದೇ ಬೆಳೆದು ಇಂದಿನ ಉಸ್ಮಾನಿಯಾ ವೈದ್ಯಕೀಯ ಮಹಾವಿದ್ಯಾಲಯವಾಯಿತು. ನಿಜಾಮರ ಸಂಸ್ಥಾನದಲ್ಲಿ ಕಲಬುರಗಿ, ರಾಯಚೂರು, ಬೀದರಗಳು ಸೇರಿದ್ದುದರಿಂದ ನಮ್ಮವರಿಗೆ ರಾಜಧಾನಿಯ ದವಾಖಾನೆಯೆಂದರೆ ಹೈದರಾಬಾದೇ. ಮೂಸಿ ನದಿಯ 1908ರ ಮಹಾಪೂರದಲ್ಲಿ ಅಫ್ಜಲ್‌ಗಂಜಿನ ಹಳೆಯ ಆಸ್ಪತ್ರೆಯು ನಾಶವಾಗಿ, ವಿನ್ಸೆಂಟ್ ಎಶ್ ಎಂಬ ವಾಸ್ತುಶಿಲ್ಪಿಯ ರಚನೆಯಲ್ಲಿ ಉಸ್ಮಾನಿಯಾ ಆಸ್ಪತ್ರೆಯ ಗುಮ್ಮಟಗಳು ಅದೇ ನದಿಯ ದಡದಲ್ಲಿ ಮೇಲೆದ್ದುವು. ಮೈಯಾಗ ಕಸುವಿಲ್ಲ, ಎದಿ ಝಲ್ ಅಂತದ, ಹೊಟ್ಟ್ಯಾಗ ಕಡೀತದ ಎಂದು ಹೇಳುವ ರೈತನ ಮಾತನ್ನು ತೆಲುಗೋ ಉರ್ದುವೋ ಬಲ್ಲ ವೈದ್ಯನು ತಿಳಿದುಕೊಂಡು, ಇಂಗ್ಲಿಷಿನಲ್ಲಿ ಬರೆದುಕೊಂಡು, ಒಂದು ಲ್ಯಾಟಿನ್ ಹೆಸರಿಗೆ ಮುಟ್ಟಿಸಬೇಕು. ಮೂರು ಕಡವುಗಳನ್ನು ದಾಟುವ ಈ ಪ್ರಯಾಣದಲ್ಲಿ ರೋಗದ ಎಷ್ಟು ಪಾಲು ನೀರುಪಾಲಾಗುತ್ತಿದ್ದಿರಬೇಕೆಂಬುದನ್ನು ಯಾರೂ ಲೆಕ್ಕವಿಟ್ಟಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹತ್ತು ವರ್ಷಗಳಲ್ಲಿ ಇದೇ ಊರಿನಲ್ಲಿ ಇಬ್ಬರು ವೈದ್ಯರಿದ್ದರು. ಒಬ್ಬನು ಎಡ್ವರ್ಡ್ ಲಾರಿ, ರೆಸಿಡೆನ್ಸಿಯ ಶಸ್ತ್ರವೈದ್ಯ, ವೈದ್ಯಶಾಲೆಯ ಮುಖ್ಯಸ್ಥ, ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ವಿಶ್ವಾಸಕ್ಕೆ ಪಾತ್ರನಾದವನು. ಕ್ಲೋರೋಫಾರ್ಮಿನಿಂದ ರೋಗಿಯು ಸಾಯುವುದಾದರೆ ಉಸಿರು ನಿಂತೇ ಸಾಯುವನು, ಹೃದಯಕ್ಕೆ ನೇರವಾಗಿ ಅಪಾಯವೇ ಇಲ್ಲ ಎಂಬುದು ಅವನ ಸಿದ್ಧಾಂತ. ಅದನ್ನು ಸ್ಥಾಪಿಸುವುದಕ್ಕಾಗಿ 1888ರಲ್ಲಿ ಹೈದರಾಬಾದು ಕ್ಲೋರೋಫಾರ್ಮ್ ಆಯೋಗವು ನೂರಕ್ಕೂ ಮಿಕ್ಕ ನಾಯಿಗಳ ಮೇಲೆ ಪ್ರಯೋಗ ನಡೆಸಿತು. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ಒಪ್ಪದಿರಲು, ನಿಜಾಮರು 1,000 ಪೌಂಡುಗಳನ್ನಿತ್ತು, ಪತ್ರಿಕೆಯು ಆರಿಸಿದ ಲಾಡರ್ ಬ್ರಂಟನ್ ಎಂಬ ಪ್ರಸಿದ್ಧ ಔಷಧಶಾಸ್ತ್ರಜ್ಞನನ್ನು 1889ರಲ್ಲಿ ಇಲ್ಲಿಗೆ ಕರೆಸಿ ಎರಡನೆಯ ಆಯೋಗವನ್ನು ನಡೆಸಿದರು. ಅದರ ತೀರ್ಪೂ ಲಾರಿಯ ಪರವಾಗಿಯೇ ಬಂದಿತು. ಉಸಿರನ್ನು ಎಚ್ಚರದಿಂದ ಕಾಯುವುದನ್ನು ಅವನು ತನ್ನ ಶಿಷ್ಯರಿಗೆ ಕಲಿಸಿದನೆಂಬುದು ದೊಡ್ಡ ಉಪಕಾರವೇ ಸರಿ. ಅವನಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜಿಯವರು ಅರಿವಳಿಕೆಯನ್ನೇ ವೃತ್ತಿಯಾಗಿ ಸ್ವೀಕರಿಸಿದ ಮೊದಲ ಮಹಿಳೆಯರ ಪಂಕ್ತಿಯಲ್ಲಿ ಸ್ಮರಣೀಯರು. ಆದರೆ ಸಿದ್ಧಾಂತವು ನಿಲ್ಲಲಿಲ್ಲ. ಹಗುರಾದ ಕ್ಲೋರೋಫಾರ್ಮ್ ನಿದ್ರೆಯಲ್ಲಿಯೇ ಹೃದಯವು ಲಯ ತಪ್ಪಿ ಅದುರಿ ನಿಂತುಬಿಡಬಹುದೆಂಬುದನ್ನು 1911ರಲ್ಲಿ ಲೆವಿ ಎಂಬವನು ತೋರಿಸಿದನು.

ಇನ್ನೊಬ್ಬನು ರೊನಾಲ್ಡ್ ರಾಸ್. ಅವನು ತನ್ನ ನಂಬಿಕೆಯನ್ನು ಒಮ್ಮೆ ಬದಲಿಸಿಕೊಂಡ ಮನುಷ್ಯನೆಂಬುದನ್ನು ಮೊದಲು ಹೇಳಬೇಕು. 1880ರಲ್ಲಿ ಅಲ್ಜೀರಿಯದಲ್ಲಿ ಲಾವೆರಾನನು ಚಳಿಜ್ವರದವರ ರಕ್ತದಲ್ಲಿ ಕಂಡ ಸೂಕ್ಷ್ಮಜೀವಿಯನ್ನು ರಾಸನು ಹಲವು ವರ್ಷ ನಂಬಿರಲಿಲ್ಲ. ಈ ಜ್ವರಗಳು ಕರುಳಿನ ದೋಷದಿಂದ ಹುಟ್ಟುತ್ತವೆಂದು ಬರೆದದ್ದೂ ಉಂಟು. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್‌ಸನ್ನನು ಸೂಕ್ಷ್ಮದರ್ಶಕದ ಕೆಳಗೆ ಅದನ್ನು ತೋರಿಸಿದ ಮೇಲೆ, ಕಂಡದ್ದನ್ನು ಕಂಡಂತೆ ಒಪ್ಪಿಕೊಂಡನು. ನಮ್ಮ ಬೆಂಗಳೂರಿಗೂ ಅವನಿಗೂ ಋಣಾನುಬಂಧವಿದ್ದಿತು. 1883ರಲ್ಲಿ ಅಲ್ಲಿನ ದಂಡಿನಲ್ಲಿದ್ದಾಗ ತನ್ನ ಬಂಗಲೆಯ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳಿರುವುದನ್ನು ಕಂಡು, ಅದನ್ನು ಬೋರಲು ಹಾಕಿಸಿ ಸೊಳ್ಳೆಗಳ ಕಾಟವನ್ನು ತಗ್ಗಿಸಿಕೊಂಡವನು, ಅವುಗಳಿಗೂ ಜ್ವರಕ್ಕೂ ನಂಟಿರಬಹುದೆಂದು ಆಗ ಕನಸಿನಲ್ಲಿಯೂ ಎಣಿಸಿರಲಿಲ್ಲ. 1895ರಲ್ಲಿ ಸಿಕಂದರಾಬಾದಿನ ಬೇಗಂಪೇಟೆಯ ದಂಡಿನ ಆಸ್ಪತ್ರೆಗೆ ಬಂದು ಕೆಲಸವನ್ನು ಹಿಡಿಯುವಷ್ಟರಲ್ಲಿ ಕಾಲರಾದ ಸಲುವಾಗಿ ಮತ್ತೆ ಬೆಂಗಳೂರಿಗೆ ಕಳುಹಿಸಲ್ಪಟ್ಟು, ಎರಡು ವರ್ಷಗಳ ತರುವಾಯ ಬೇಗಂಪೇಟೆಗೆ ಮರಳಿದನು.

ಆ 1897ರ ಆಗಸ್ಟ್ ತಿಂಗಳ ವರ್ಣನೆಯನ್ನು ಓದಿದವರಿಗೆಲ್ಲ ಮೈ ಬೆವರುತ್ತದೆ. ಕತ್ತಲ ಕೋಣೆ, ಪಂಕ ಎಳೆಸುವಂತಿಲ್ಲ, ಎಳೆಸಿದರೆ ಕತ್ತರಿಸಿಟ್ಟ ಸೊಳ್ಳೆಗಳು ಹಾರಿಹೋಗುತ್ತವೆ, ಹಣೆಯ ಬೆವರಿಗೂ ಕೈಯ ಬೆವರಿಗೂ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿವೆ. ಹುಸೇನ್ ಖಾನ್ ಎಂಬ ರೋಗಿಗೆ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಕೊಟ್ಟು ಆಗಸ್ಟ್ 16ರಂದು ಕಚ್ಚಿಸಿಕೊಂಡದ್ದಾಯಿತು. ಆಗಸ್ಟ್ 20ರಂದು, ರೆಕ್ಕೆಯ ಮೇಲೆ ಚುಕ್ಕೆಗಳುಳ್ಳ ಒಂದು ಸೊಳ್ಳೆಯ ಜಠರದ ಗೋಡೆಯಲ್ಲಿ, ಹಿಂದೆ ಎಷ್ಟೋ ಸೊಳ್ಳೆಗಳಲ್ಲಿ ಕಾಣದಿದ್ದ ದುಂಡನೆಯ ಕೋಶಗಳೂ ಅವುಗಳೊಳಗೆ ಮಲೇರಿಯದ ಕಪ್ಪುಕಣಗಳೂ ಕಂಡುವು. ಮರುದಿನ ಇನ್ನೊಂದು ಸೊಳ್ಳೆಯಲ್ಲಿ ಅವು ಬೆಳೆದು ದೊಡ್ಡವಾಗಿದ್ದುವು. ಇಂತಹ ದಿನ ತನ್ನ ಜೀವಿತದಲ್ಲಿ ಒದಗಿದವನು ಲೋಕಕ್ಕೆ ಏನೆಂದು ಸಾರಬಹುದಾಗಿದ್ದಿತು! ಆದರೆ ಅದೇ ವರ್ಷದ ಡಿಸೆಂಬರ್ 18ರ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟವಾದ ಲೇಖನದ ಶಿರೋನಾಮೆಯು, ಮಲೇರಿಯ ರಕ್ತವನ್ನುಂಡ ಎರಡು ಸೊಳ್ಳೆಗಳಲ್ಲಿ ಕಂಡುಬಂದ ವಿಶಿಷ್ಟವಾದ ಕೆಲವು ವರ್ಣಕೋಶಗಳನ್ನು ಕುರಿತು ಎಂಬಷ್ಟೇ ಅರ್ಥದ್ದು. ಮಲೇರಿಯದ ರಹಸ್ಯ ಬಯಲಾಯಿತೆಂದಿಲ್ಲ, ಕಾರಣ ಸಿಕ್ಕಿತೆಂದಿಲ್ಲ. ಎರಡು ಸೊಳ್ಳೆಗಳು, ಕೆಲವು ಕೋಶಗಳು. ಕೊಂಡಾಪುರದ ವೈದ್ಯರು ಚೀಟಿಯ ಮೇಲೆ ಬರೆದ ಚಿಹ್ನೆಯ ಕುಲದ್ದೇ ಆದ ಸಂಯಮವು ಆ ಶಿರೋನಾಮೆಯಲ್ಲಿದೆಯೆಂದು ನಾನು ಬಗೆದಿದ್ದೇನೆ.

ಒಂದೇ ಊರಿನಲ್ಲಿದ್ದ ಈ ಇಬ್ಬರಲ್ಲಿ ಲಾರಿಯು ಲಾವೆರಾನನ ಜೀವಿಯನ್ನೂ ಒಪ್ಪಲಿಲ್ಲ. ಅದನ್ನು ವಿರೋಧಿಸಿ ಬರೆದನು. ಅವನಲ್ಲಿ ಶ್ರದ್ಧೆಗಾಗಲಿ ಶ್ರಮಕ್ಕಾಗಲಿ ಕೊರತೆಯಿರಲಿಲ್ಲ. ತನಗೆ ಯಾವುದು ಪ್ರಶ್ನೆಯಾಗಿ ಉಳಿದಿದೆಯೆಂಬುದನ್ನು ಗುರುತಿಸಿಕೊಳ್ಳುವ ಅಭ್ಯಾಸವು ಕಡಿಮೆಯಿದ್ದಿತು ಎಂದು ಮಾತ್ರ ಹೇಳಬಹುದು. ಆದರೆ ರಾಸನನ್ನು ಇದಕ್ಕೆ ಪ್ರತಿಯಾದ ಆದರ್ಶಮೂರ್ತಿಯನ್ನಾಗಿ ಮಾಡಿ ಕೂರಿಸಲು ಇತಿಹಾಸವು ಬಿಡುವುದಿಲ್ಲ. ಮರುವರ್ಷ, 1898ರಲ್ಲಿ, ಅಸ್ಸಾಮಿನಲ್ಲಿ ಊರೂರುಗಳನ್ನೇ ಬರಿದು ಮಾಡುತ್ತಿದ್ದ ಕಾಲಾ ಅಜಾರ್ ಎಂಬ ಜ್ವರವನ್ನು ಪರೀಕ್ಷಿಸಲು ಸರಕಾರವು ಅವನನ್ನೇ ಕಳುಹಿಸಿತು. ಗುಲ್ಮವು ಊದಿಕೊಂಡಿದೆ, ಜ್ವರವು ಬಿಟ್ಟು ಬಿಟ್ಟು ಬರುತ್ತಿದೆ, ಮೈ ಕಪ್ಪಾಗಿ ಒಣಗುತ್ತಿದೆ. ಮಲೇರಿಯವನ್ನು ಕಂಡುಹಿಡಿದವನ ಕಣ್ಣಿಗೆ ಅದೂ ಮಲೇರಿಯವಾಗಿಯೇ ಕಂಡಿತು. ಕ್ವಿನೈನಿಗೆ ಆ ಜ್ವರ ಬಗ್ಗಲಿಲ್ಲವೆಂಬ ಸಂಗತಿ, ಎಂದರೆ ಉಪಶಯವು ಕೊಟ್ಟ ಸ್ಪಷ್ಟವಾದ ಉತ್ತರ, ಎದುರಿಗೇ ಇದ್ದಿತು. ಐದು ವರ್ಷಗಳ ಮೇಲೆ, 1903ರಲ್ಲಿ, ಲೀಶ್ಮನ್ನನೂ ಮದರಾಸಿನ ಚಾರ್ಲ್ಸ್ ಡೊನೊವಾನನೂ ಬೇರೆ ಬೇರೆಯಾಗಿ ಅದರ ಜೀವಿಯನ್ನು ಪ್ರಕಟಪಡಿಸಿದಾಗ, ಆ ಇಬ್ಬರ ಹೆಸರುಗಳನ್ನೂ ಜೋಡಿಸಿ ಅದಕ್ಕೆ ಲೀಶ್ಮೇನಿಯ ಡೊನೊವಾನಿ ಎಂದು ನಾಮಕರಣ ಮಾಡಿದವನು ರಾಸನೇ. ತನ್ನ ತಪ್ಪಿಗೆ ತಾನೇ ತೊಟ್ಟಿಲು ತೂಗಿ ಹೆಸರಿಟ್ಟಂತಾಯಿತು.

ಬೇಗಂಪೇಟೆಯ ಶೋಧದಿಂದ ಮಲೇರಿಯವು ಹೇಗೆ ಹರಡುವುದೆಂಬುದು ತಿಳಿಯಿತಾದರೂ, ಹಾಸಿಗೆಯ ಮೇಲೆ ಮಲಗಿರುವ ಈ ಒಬ್ಬನಿಗೆ ಬಂದ ಈ ಜ್ವರ ಯಾವುದು ಎಂಬ ಪ್ರಶ್ನೆಯು ತೀರಲಿಲ್ಲ. ಆ ದಿನಗಳ ದಂಡಿನ ಆಸ್ಪತ್ರೆಗಳ ವರದಿಗಳಲ್ಲಿ ಸಾಮಾನ್ಯ ಅವಿಚ್ಛಿನ್ನ ಜ್ವರ ಎಂಬೊಂದು ವರ್ಗವಿದ್ದಿತು. ಮಲೇರಿಯವೆನ್ನಲಾರದ, ವಿಷಮಶೀತಜ್ವರವೆನ್ನಲೂ ಆಗದ ಜ್ವರಗಳಿಗೆಲ್ಲ ಅದು ಧರ್ಮಛತ್ರ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಸೇನೆಯ ವೈದ್ಯನೊಬ್ಬನು ಎರಡನ್ನೂ ಬೆಸೆದು ಟೈಫೋ ಮಲೇರಿಯ ಎಂಬ ಹೆಸರನ್ನೇ ಹುಟ್ಟಿಸಿದ್ದನು. ನಮ್ಮ ಹಳ್ಳಿಗಳಲ್ಲಿ ಚಳಿಜ್ವರವೆಂದೂ ಸನ್ನಿಯೆಂದೂ ಜ್ವರಗಡ್ಡೆಯೆಂದೂ, ಶಾಸ್ತ್ರದಲ್ಲಿ ಸಂತತ, ಸತತ, ಅನ್ಯೇದ್ಯುಷ್ಕ, ತೃತೀಯಕ, ಚಾತುರ್ಥಿಕ ಎಂದೂ ಕರೆದದ್ದು, ಜ್ವರವು ಬರುವ ರೀತಿಯನ್ನು ನೋಡಿ; ಕಾರಣವನ್ನು ಬಲ್ಲೆವೆಂಬ ಪ್ರತಿಜ್ಞೆಯು ಆ ಹೆಸರುಗಳಲ್ಲಿಲ್ಲ.

ರಕ್ತಲೇಪನದ ಪರೀಕ್ಷೆಯನ್ನು ಕುರಿತು ಒಂದು ಮಾತನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ವೈದ್ಯರ ಮನಸ್ಸು ಕೆಲಸ ಮಾಡುವ ಬಗೆಯು ಅಲ್ಲಿ ಚೆನ್ನಾಗಿ ಗೋಚರವಾಗುತ್ತದೆ. ಗಾಜಿನ ಚೂರಿನ ಮೇಲೆ ಒಂದು ಹನಿ ರಕ್ತವನ್ನು ಹರಡಿ ಬಣ್ಣ ಹಾಕಿ ನೋಡಿದಾಗ ಜೀವಿಯು ಕಾಣದಿದ್ದರೆ ಮಲೇರಿಯವಿಲ್ಲವೆಂದಾಯಿತೆ? ಆಗಲಿಲ್ಲ. ರೋಗಿಯು ಬರುವ ಮೊದಲೇ ಅಂಚೆಯ ಕಚೇರಿಯಲ್ಲಿ ಮಾರುತ್ತಿದ್ದ ಕ್ವಿನೈನ್ ಪೊಟ್ಟಣವನ್ನು ನುಂಗಿರಬಹುದು. ಜೀವಿಯು ಒಳಗಿನ ಅವಯವಗಳಲ್ಲಿ ಅಡಗಿದ್ದು ಅಂಚಿನ ರಕ್ತಕ್ಕೆ ಬಾರದಿರಬಹುದು. ನೋಡಿದವನ ಕಣ್ಣು ದಣಿದಿರಬಹುದು. ಆದುದರಿಂದ ಮತ್ತೆ ಮತ್ತೆ ನೋಡಬೇಕು. ಒಳ್ಳೆಯದು, ಕಂಡಿತೆನ್ನಿ, ಆಗಲಾದರೂ ನಿಶ್ಚಯವೆ? ಮಲೇರಿಯವು ಮನೆಮಾಡಿಕೊಂಡಿದ್ದ ನಾಡುಗಳಲ್ಲಿ ಎಷ್ಟೋ ಜನ ಆ ಜೀವಿಯನ್ನು ರಕ್ತದಲ್ಲಿ ಹೊತ್ತುಕೊಂಡೇ ಹೊಲ ಉಳುತ್ತಿದ್ದರು. ಅಂಥವನಿಗೆ ವಿಷಮಶೀತಜ್ವರ ಬಂದರೆ ಗಾಜಿನ ಮೇಲೆ ಮಲೇರಿಯವು ಕಾಣುತ್ತದೆ, ಕರುಳಿನಲ್ಲಿ ಹುಣ್ಣು ಬೆಳೆಯುತ್ತಿರುತ್ತದೆ. 1896ರಲ್ಲಿ ಬಂದ ವಿಡಾಲ್ ಪರೀಕ್ಷೆಯ ಹಣೆಬರಹವೂ ಇಂಥದ್ದೇ: ಹಿಂದೆ ಎಂದೋ ಬಂದುಹೋದ ಸೋಂಕಿನ ಗುರುತನ್ನು ಇಂದಿನದೆಂದು ತೋರಿಸಿಬಿಡಬಹುದು. ಪರೀಕ್ಷೆಯು ವೈದ್ಯನ ಸಂಶಯವನ್ನು ಅಳಿಸುವುದಿಲ್ಲ, ತಕ್ಕಡಿಯ ಒಂದು ತಟ್ಟೆಯನ್ನು ಇಷ್ಟು ಕೆಳಗಿಳಿಸುತ್ತದೆ. ಎಷ್ಟು ಇಳಿಸುವುದೆಂಬುದು ಆ ಊರಿನಲ್ಲಿ ಆ ಋತುವಿನಲ್ಲಿ ಯಾವ ರೋಗ ಎಷ್ಟಿದೆಯೆಂಬುದರ ಮೇಲೆ ನಿಂತಿರುತ್ತದೆ. ಲೆಡ್ಲಿ, ಲಸ್ಟೆಡ್ ಎಂಬಿಬ್ಬರು 1959ರಲ್ಲಿ ಈ ತೂಕವನ್ನು ಗಣಿತದ ಭಾಷೆಯಲ್ಲಿ ಬರೆದು ತೋರಿಸಿದರು. ಗಣಿತವನ್ನರಿಯದ ಮುದಿ ವೈದ್ಯರು ಅದನ್ನು ಬೆರಳ ತುದಿಯಲ್ಲಿ ಅದಕ್ಕೂ ಮುಂಚೆಯೇ ಮಾಡುತ್ತಿದ್ದರು. 1961ರಲ್ಲಿ ಪೀಟರ್ಸ್‌ಡಾರ್ಫ್, ಬೀಸನ್ ಎಂಬವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೂರು ವಾರಕ್ಕೂ ಹೆಚ್ಚು ಕಾಲ 38.3 ಡಿಗ್ರಿ ಸೆಲ್ಸಿಯಸನ್ನು ಮೀರಿ ಬರುತ್ತಿದ್ದು, ಆಸ್ಪತ್ರೆಯಲ್ಲಿ ಒಂದು ವಾರ ಹುಡುಕಿದರೂ ಮೂಲ ಸಿಕ್ಕದ ಜ್ವರಕ್ಕೆ ಅಜ್ಞಾತಮೂಲ ಜ್ವರವೆಂಬ ಲಕ್ಷಣವನ್ನು ವಿಧಿಸಿದರು. ತಿಳಿಯದಿರುವಿಕೆಗೂ ದಿನದ ಲೆಕ್ಕ, ತಾಪದ ಲೆಕ್ಕ ಏರ್ಪಟ್ಟಿತು.

ಕುನೂರಿನಲ್ಲಿ 1918ರಲ್ಲಿ ರಾಬರ್ಟ್ ಮ್ಯಾಕ್ಯಾರಿಸನ್ ಪ್ರಾರಂಭಿಸಿದ ಸಂಶೋಧನಾಲಯವು 1958ರಲ್ಲಿ ಹೈದರಾಬಾದಿನ ತಾರ್ನಾಕಕ್ಕೆ ಬಂದು, ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯೆಂದು ಹೆಸರಾಯಿತು. ಅಲ್ಲಿಯ ವೈದ್ಯರಿಗೆ ಒಂದು ಒಗಟು ಎದುರಾಯಿತು. ಬಿಸಿಲು ಬೀಳುವ ಕೈಕಾಲುಗಳಲ್ಲಿ, ಕೊರಳಿನ ಸುತ್ತ, ಚರ್ಮವು ಕಪ್ಪಾಗಿ ಬಿರಿಯುವುದು, ಭೇದಿ, ಬುದ್ಧಿಯ ಭ್ರಮೆ. ಹದಿನೆಂಟನೆಯ ಶತಮಾನದ ಸ್ಪೇನಿನಿಂದ ಬಲ್ಲ ಪೆಲ್ಲಾಗ್ರ ರೋಗದ ಚಿತ್ರವೇ ಇದು. ಆದರೆ ಪೆಲ್ಲಾಗ್ರವು ಮೆಕ್ಕೆಜೋಳವನ್ನೇ ಉಣ್ಣುವ ಬಡವರ ರೋಗವೆಂದು ಪುಸ್ತಕಗಳು ಹೇಳುತ್ತಿದ್ದುವು; ಇಲ್ಲಿ ಬಂದವರು ಉಣ್ಣುತ್ತಿದ್ದುದು ದಖ್ಖನಿನ ಬಿಳಿಜೋಳ. ಪುಸ್ತಕವನ್ನು ನಂಬಿದ್ದರೆ ರೋಗಿಯನ್ನು ಚರ್ಮವೈದ್ಯನಲ್ಲಿಗೋ ಹುಚ್ಚಾಸ್ಪತ್ರೆಗೋ ಕಳುಹಿಸಿ ಕೈ ತೊಳೆದುಕೊಳ್ಳಬಹುದಾಗಿದ್ದಿತು. ಸಿ. ಗೋಪಾಲನ್ ಅವರೂ ಎಸ್. ಜಿ. ಶ್ರೀಕಂಠಯ್ಯನವರೂ ರೋಗಿಯನ್ನು ನಂಬಿದರು. ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲವು ಅತಿಯಾಗಿರುವುದೇ ನಿಯಾಸಿನ್ ಜೀವಸತ್ವದ ಕಾರ್ಯಕ್ಕೆ ಅಡ್ಡಿಯಾಗುತ್ತಿರಬಹುದೆಂದು 1960ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಎಂಬತ್ತು ವರ್ಷಗಳಿಂದ ಮನೆಯಲ್ಲಿ ಜೋಳದ ರೊಟ್ಟಿಯ ಸಪ್ಪಳವನ್ನು ಕೇಳಿಕೊಂಡು ಬಂದ ಅತ್ತೆಯ ವಂಶದವನಾದ ನನಗೆ ಈ ಮಾತು ನೋವಿನದೇ. ಆದರೆ ರೊಟ್ಟಿಯ ಜೊತೆಗೆ ಬೇಳೆ, ಹಾಲು, ಕಾಯಿಪಲ್ಲೆಗಳಿದ್ದವರಿಗೆ ರೋಗ ಬರಲಿಲ್ಲ, ರೊಟ್ಟಿಯೊಂದೇ ಇದ್ದವರಿಗೆ ಬಂದಿತೆಂಬುದನ್ನು ಕೂಡಿಸಿ ಓದಬೇಕು. ಲ್ಯೂಸಿನಿನ ವಾದವನ್ನು ಬೇರೆ ಪ್ರಯೋಗಾಲಯಗಳು ಪೂರ್ತಿಯಾಗಿ ಒಪ್ಪಲಿಲ್ಲ, ಚರ್ಚೆಯು ದಶಕಗಳ ಕಾಲ ನಡೆಯಿತು. ಈ ನಡುವೆ ರೋಗಿಗೆ ನಿಯಾಸಿನ್ ಕೊಟ್ಟರು, ರೋಗಿ ಗುಣವಾದನು.

ಇದೇ ಅವಧಿಯಲ್ಲಿ ನಮ್ಮ ಮಲೆನಾಡಿನಲ್ಲಿ ನಡೆದುದನ್ನು ಬಿಟ್ಟರೆ ಈ ಕಥೆಯು ಅರ್ಧವಾಗುತ್ತದೆ. 1957ರ ಮೊದಲ ತಿಂಗಳುಗಳಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸತ್ತು ಬೀಳತೊಡಗಿದುವು; ಸೌದೆಗೆ ಸೊಪ್ಪಿಗೆ ಕಾಡಿಗೆ ಹೋಗಿಬಂದವರು ಜ್ವರದಿಂದ ಮಲಗಿದರು. ಮನುಷ್ಯರ ಜ್ವರವನ್ನು ನೋಡಿದವರು ಮೊದಲು ವಿಷಮಶೀತಜ್ವರವೆಂದೆಣಿಸಿದರು. ಮಂಗಗಳ ಸಾವನ್ನು ಕೇಳಿದವರಿಗೆ ಇನ್ನೂ ಭಯಂಕರವಾದ ಸಂಶಯ ಹುಟ್ಟಿತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಸಾಯುವುದು ಹಳದಿ ಜ್ವರದ ಮುನ್ಸೂಚನೆ. ಹಿಂದೂಸ್ಥಾನದಲ್ಲಿ ಅದನ್ನು ಹರಡಬಲ್ಲ ಸೊಳ್ಳೆ ಮನೆಮನೆಯಲ್ಲಿದ್ದರೂ ರೋಗ ಮಾತ್ರ ಎಂದೂ ಕಾಲಿಟ್ಟಿರಲಿಲ್ಲ. ಕಾಲಿಟ್ಟೇಬಿಟ್ಟಿತೆ? ಪುಣೆಯ ವೈರಸ್ ಸಂಶೋಧನ ಕೇಂದ್ರದಿಂದ ಟೆಲ್ಫರ್ಡ್ ವರ್ಕ್ ಮತ್ತು ಸಂಗಡಿಗರು ಬಂದು ಸತ್ತ ಮಂಗಗಳಿಂದಲೂ ರೋಗಿಗಳಿಂದಲೂ ವೈರಸನ್ನು ಬೇರ್ಪಡಿಸಿದಾಗ, ಅದು ವಿಷಮಶೀತಜ್ವರವೂ ಅಲ್ಲ, ಹಳದಿ ಜ್ವರವೂ ಅಲ್ಲ. ಎಲ್ಲಿಯೋ ರಷ್ಯದ ಹಿಮದ ಕಾಡುಗಳ ಉಣ್ಣೆಗಳಲ್ಲಿರುವ ವೈರಸ್ಸಿನ ಬಂಧು! ಇಲ್ಲಿಯೂ ಉಣ್ಣೆಯೇ ವಾಹಕ. ಯಾರ ಊಹೆಯ ಪಟ್ಟಿಯಲ್ಲಿಯೂ ಇರದಿದ್ದ ಉತ್ತರ ಅದು. ಜನರು ಯಾವ ಪ್ರಯೋಗಾಲಯವನ್ನೂ ಕಾಯದೆ ಇಟ್ಟ ಮಂಗನ ಕಾಯಿಲೆ ಎಂಬ ಹೆಸರು, ಮಂಗನ ಸಾವಿಗೂ ಮನುಷ್ಯನ ಜ್ವರಕ್ಕೂ ನಂಟುಂಟೆಂಬಷ್ಟನ್ನು ಸರಿಯಾಗಿಯೇ ಹೇಳಿತು.

ಹಂದಿಗೋಡಿನ ಕಥೆಯು ಇದಕ್ಕಿಂತ ದೀರ್ಘವಾದುದು, ಮನಸ್ಸಿಗೆ ಹೆಚ್ಚು ಸಂಕಟವನ್ನು ಕೊಡುವಂಥದ್ದು. 1970ರ ದಶಕದ ನಡುವಿನಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡು ಮತ್ತು ಸುತ್ತಣ ಹಳ್ಳಿಗಳಲ್ಲಿ, ಅದೂ ಮುಖ್ಯವಾಗಿ ಗದ್ದೆಯ ಕೂಲಿಯಿಂದ ಬದುಕುವ ದಲಿತ ಕುಟುಂಬಗಳಲ್ಲಿ, ಸೊಂಟದ ಮತ್ತು ಮೊಳಕಾಲಿನ ಕೀಲುಗಳು ನೋಯತೊಡಗಿ, ನಡೆದಾಡುತ್ತಿದ್ದವರು ಕೋಲೂರಿ, ಕೋಲೂರುತ್ತಿದ್ದವರು ತೆವಳತೊಡಗಿದರು. ಹೈದರಾಬಾದಿನ ಪೋಷಣ ಸಂಸ್ಥೆಯಿಂದ ಕೃಷ್ಣಮಾಚಾರಿಯವರೂ ಭಟ್ ಅವರೂ ಆ ಹಳ್ಳಿಗಳಿಗೆ ಹೋದರು. ನಲ್ಗೊಂಡದ ಕಡೆ ಕುಡಿಯುವ ನೀರಿನ ಫ್ಲೋರೈಡಿನಿಂದ ಮಂಡಿಗಳು ಒಳಬಾಗುವುದನ್ನು ಕಂಡಿದ್ದ ಸಂಸ್ಥೆಯದು. ಇಲ್ಲಿಯೂ ಫ್ಲೋರೈಡೇ ಇರಬಹುದೆಂಬ ಸಂಶಯವು ಸಹಜ. ಗದ್ದೆಗೆ ಹೊಡೆದ ಕೀಟನಾಶಕವು ಬಡವರು ಹಿಡಿದು ತಿನ್ನುವ ಏಡಿಗಳ ಮೂಲಕ ಒಳಹೊಕ್ಕಿತೆಂಬ ಮಾತೂ ಬಲವಾಗಿದ್ದಿತು. 1977ರಲ್ಲಿ ಅವರು ಪ್ರಕಟಿಸಿದ ಹೆಸರು ಮಲೆನಾಡಿನ ಸ್ಥಳೀಯ ಕೌಟುಂಬಿಕ ಸಂಧಿವಾತ ಎಂಬ ಅರ್ಥದ್ದು. ಎಲ್ಲಿ, ಯಾರಲ್ಲಿ, ದೇಹದ ಯಾವ ಎಡೆಯಲ್ಲಿ ಎಂಬ ಮೂರನ್ನು ಅದು ಹೇಳುತ್ತದೆ. ಏಕೆ ಎಂಬುದನ್ನು ಹೇಳಲು ಯತ್ನಿಸುವುದಿಲ್ಲ. ಚರಕಸಂಹಿತೆಯು ಹೇಳಿದ ಸ್ವಭಾವ, ಅಧಿಷ್ಠಾನ, ಹೇತುಗಳಲ್ಲಿ ತಿಳಿದವನ್ನು ಬರೆದು ತಿಳಿಯದುದಕ್ಕೆ ಎಡೆಯನ್ನು ಬಿಟ್ಟ ನಾಮಧೇಯವಿದು. 1990ರ ದಶಕದಲ್ಲಿ ವಂಶವಾಹಿಗಳ ಅಧ್ಯಯನ ಮಾಡಿದವರು, ಇದು ತಂದೆ ತಾಯಿಗಳಲ್ಲಿ ಒಬ್ಬರಿಂದಲೇ ಇಳಿದುಬರಬಲ್ಲ ಎಲುಬಿನ ಬೆಳವಣಿಗೆಯ ದೋಷವೆಂದು ತೋರಿಸಿದರು. ಏಡಿಯು ನಿರಪರಾಧಿಯಾಯಿತು. ಇಪ್ಪತ್ತು ವರ್ಷ ಆ ಎಡೆಯು ತೆರೆದಿದ್ದುದರಿಂದಲೇ ಹೊಸ ಉತ್ತರವು ಬಂದು ಕುಳಿತುಕೊಳ್ಳಲು ಸ್ಥಳವಿದ್ದಿತು. ಆದರೆ ಆ ಇಪ್ಪತ್ತು ವರ್ಷಗಳಲ್ಲಿ ತೆವಳಿದವರ ಪಾಲಿಗೆ ಅದೆಷ್ಟು ದೊಡ್ಡ ಎಡೆಯೆಂಬುದನ್ನು ಮರೆತು ಇದನ್ನು ಹೊಗಳಲು ನನ್ನಿಂದಾಗದು.

ಎರಡು ದಿನಗಳ ಮೇಲೆ ಅತ್ತೆಯನ್ನು ಮತ್ತೆ ಕರೆದುಕೊಂಡು ಹೋದೆ. ರಕ್ತದ ವರದಿಗಳು ಬಂದಿದ್ದುವು. ಮಲೇರಿಯದ ಜೀವಿ ಕಂಡಿಲ್ಲ. ಡೆಂಗೆಯ ಮೊದಲ ಪರೀಕ್ಷೆ ಇಲ್ಲವೆಂದಿದೆ. ಆದರೆ ಅದು ಮೊದಲ ನಾಲ್ಕೈದು ದಿನಗಳಲ್ಲಿ ತೋರುವಷ್ಟು ಆಮೇಲೆ ತೋರುವುದಿಲ್ಲವೆಂದೂ, ಎರಡನೆಯ ಬಗೆಯ ಪರೀಕ್ಷೆಯು ಆಮೇಲೆ ತೋರುವಷ್ಟು ಮೊದಲು ತೋರುವುದಿಲ್ಲವೆಂದೂ, ನಾವು ಹೋದದ್ದು ಎರಡರ ಸಂಧಿಕಾಲದಲ್ಲೆಂದೂ ವೈದ್ಯರು ತಿಳಿಸಿದರು. ರಕ್ತವನ್ನು ಬಿತ್ತಿ ನೋಡಿದ್ದರಲ್ಲಿಯೂ ಏನೂ ಬೆಳೆದಿರಲಿಲ್ಲ. ಪ್ಲೇಟ್‌ಲೆಟ್ಟುಗಳು ಸ್ವಲ್ಪ ಇಳಿದಿದ್ದುವು. ಅವರು ಮತ್ತೆ ಎಡಪಕ್ಕೆಯನ್ನು ಒತ್ತಿ ನೋಡಿದರು, ಮತ್ತೆ ಕಣ್ಣು ನೋಡಿದರು, ಚೀಟಿಯ ಮೇಲೆ ಏಳನೆಯ ದಿನ ಎಂದು ಬರೆದರು. ಚಿಹ್ನೆಯು ಹಾಗೆಯೇ ಉಳಿಯಿತು.

ಒಂಬತ್ತನೆಯ ದಿನ ಬೆಳಗಿನ ಜಾವ ಅತ್ತೆ ಬೆವತು, ಎದ್ದು ಕುಳಿತು, ಹಸಿವೆಂದರು. ಗಂಜಿ ಕುಡಿಯುತ್ತ, "ಕಡೆಗೂ ಏನು ಜ್ವರವಂತೊ?" ಎಂದು ಕೇಳಿದರು. ವೈದ್ಯರಿಗೆ ಫೋನು ಮಾಡಿ ಕೇಳಿದೆ. ಡೆಂಗೆ ಇದ್ದೀತು, ಬೇರೆ ಯಾವುದಾದರೂ ವೈರಸ್ಸೂ ಇದ್ದೀತು, ಇನ್ನೆರಡು ವಾರ ಮೈಯ ಮೇಲೆ ಕಣ್ಣಿಟ್ಟಿರಿ ಎಂದರು. ಚೀಟಿಯನ್ನು ಅತ್ತೆ ತಮ್ಮ ಟ್ರಂಕಿನಲ್ಲಿ, ಹಳೆಯ ಪಂಚಾಂಗಗಳ ನಡುವೆ ಇಟ್ಟುಕೊಂಡಿದ್ದಾರೆ.